ಒರತಿಗರು: ಕಥೆಯಾಟಕ್ಕೊಂದು ಕಾಡಿನ ಕುಲ ಕಟ್ಟಿದ್ದೇನೆ, ಓದಿ ಜಗಳ ಮಾಡಿ

ಹೊಳೆಬದಿ (ಹೆಬ್ರಿ)

ಎಲ್ಲರಿಗೂ ನಮಸ್ಕಾರ. ನಾವು ಕೆಲವು ಗೆಳೆಯರು ವಾರದ ಕೊನೆಗೆ ಮಣಿಪಾಲದಲ್ಲಿ ಸೇರಿ ದಾಳ ಹಾಕಿ ಕಥೆಯಾಟ ಆಡುತ್ತೇವೆ. ಒಬ್ಬರು ಕಥೆ ನಡೆಸುವುದು, ಉಳಿದವರು ಒಂದೊಂದು ಪಾತ್ರ ಹಿಡಿದು ಆಡುವುದು. ಇಷ್ಟು ದಿನ ಕಾಡಿನ ಜನ ಅಂದ್ರೆ ಅದೇ ಚೂಪು ಕಿವಿ, ಬಿಲ್ಲು ಬಾಣ, ಸಾವಿರ ವರ್ಷ ಆಯಸ್ಸು. ಮುಂದಿನ ಕಥೆ ನಡೆಸುವ ಸರದಿ ನನ್ನದು. ಜಾಗ ಸೋಮೇಶ್ವರದಿಂದ ಕೆಳಗೆ, ಸೀತಾನದಿ ಬದಿ. ಅಲ್ಲಿಗೆ ಆ ಚೂಪು ಕಿವಿಯವರನ್ನು ತಂದು ನಿಲ್ಲಿಸಿದರೆ ಮಳೆಗೆ ಬಿಲ್ಲಿನ ಹಗ್ಗ ನೆನೆದು ಜೋತು ಬೀಳುತ್ತದೆ, ಬಾಣದ ಗರಿಗೆ ಬೂಷ್ಟು ಹಿಡಿಯುತ್ತದೆ. ಉಳಿದದ್ದನ್ನು ರಕ್ತ ಹೀರುವ ಉಂಬಳ ನೋಡಿಕೊಳ್ಳುತ್ತದೆ.

ಅದಕ್ಕೆ ಹೊಸ ಕುಲ. ಹೆಸರು ಒರತಿಗರು. ಇವರು ಮರದ ಮೇಲೆ ಇರುವುದಿಲ್ಲ, ಕಾಡುಗುಡ್ಡೆಯ ಹೊಟ್ಟೆಯಲ್ಲಿ, ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲು) ತೂತುಗಳಲ್ಲಿ ಇರುತ್ತಾರೆ. ಮಳೆ ಬಿದ್ದಾಗ ಗುಡ್ಡೆ ನೀರು ಕುಡಿಯುತ್ತದಲ್ವಾ, ಆ ನೀರಿನ ಜೊತೆ ಇವರಿಗೂ ಜೀವ ತುಂಬುತ್ತದೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಒರತೆ ಒಡೆದ ಕಡೆಯೆಲ್ಲ ಹೊರಗೆ ಬರುತ್ತಾರೆ. ಎತ್ತರ ನಮ್ಮ ಸೊಂಟದವರೆಗೆ. ಮೈ ಕೆಂಪು, ತೂತು ತೂತು. ಮಳೆಗಾಲದಲ್ಲಿ ಭಾರ, ಬೇಸಿಗೆಯಲ್ಲಿ ಟೊಳ್ಳು.

ಶಕ್ತಿ ಮೂರು ಕೊಟ್ಟಿದ್ದೇನೆ. ನೀರನ್ನು ಕರೆಯಬಲ್ಲರು. ದಾರಿ ತಪ್ಪಿಸಬಲ್ಲರು (ಕಾಡಿನಲ್ಲಿ ಯಾವುದೋ ಬಳ್ಳಿ ದಾಟಿದರೆ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತೀರಿ ಅಂತ ಹಿರಿಯರು ಹೇಳ್ತಾರಲ್ಲ, ಅದರಿಂದ ತಗೊಂಡದ್ದು). ಮೂರನೆಯದು ಬೆಳಕು. ಮಳೆಗಾಲದಲ್ಲಿ ಘಟ್ಟದ ಕಾಡಿನಲ್ಲಿ ಕೊಳೆತ ಕಟ್ಟಿಗೆ ರಾತ್ರಿ ಹಸಿರಾಗಿ ಹೊಳೆಯುವುದುಂಟು, ಅದರಲ್ಲಿ ಬೆಳೆಯುವ ಒಂದು ಜಾತಿ ಅಣಬೆಯಿಂದ. ಟಾರ್ಚು ಆರಿಸಿ ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಕೂತರೆ ಮಾತ್ರ ಕಾಣುತ್ತದೆ. ಒರತಿಗರ ಬರಹ ಅದು. ಟಾರ್ಚು ಹಿಡಿದು ನಡೆಯುವವನಿಗೆ ಅವರ ಊರಿನ ಒಂದು ಬೋರ್ಡೂ ಓದಲಿಕ್ಕೆ ಆಗುವುದಿಲ್ಲ.

ಈಗ ನನಗೆ ಬೇಕಾದದ್ದು: ಇವರು ಯಾವುದಕ್ಕೆ ಹೆದರುತ್ತಾರೆ? ಎಷ್ಟು ವರ್ಷ ಬದುಕುತ್ತಾರೆ? ಮನುಷ್ಯರ ಜೊತೆ ಎಂತ ಸಂಬಂಧ?

ದಾಳದಭಟ್ಟ (ಮಣಿಪಾಲ)

ನಾನು ಈ ಆಟದಲ್ಲಿ ಆಡುವವನು, ಹಾಗಾಗಿ ಸ್ವಾರ್ಥದ ಮಾತು. ನೀರಿನಿಂದ ಬಲ ಬರುವ ಕುಲ ಅಂತೀಯ. ಉಡುಪಿಯಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 4,000 ಮಿ.ಮೀ. ಮಳೆ. ಮೇಲೆ ಆಗುಂಬೆಯಲ್ಲಿ 7,000 ದಾಟುತ್ತದೆ. ರಾಜಸ್ಥಾನದಲ್ಲಾದರೆ ಸರಿ, ಇಲ್ಲಿ ಇವರನ್ನು ಸೋಲಿಸುವುದು ಯಾರು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾವು ಮನೆಯಲ್ಲೇ ಕೂರಬೇಕಾ?

ಗಟ್ಟಿ ದೌರ್ಬಲ್ಯ ಬೇಕು. "ಮನಸ್ಸು ಮೃದು" ಅಂತೆಲ್ಲ ಬರೆಯಬೇಡ, ಅದಕ್ಕೆ ದಾಳ ಹಾಕಲಿಕ್ಕೆ ಆಗುವುದಿಲ್ಲ.

ಕುಡ್ಲದವ_ಈಗ_ಬೆಂಗ್ಳೂರು

ಕಬ್ಬಿಣ ಕೊಡಿ. ಕಾಡಿನ ಮಾಯದವರಿಗೆಲ್ಲ ಕಬ್ಬಿಣ ಅಂದರೆ ಆಗುವುದಿಲ್ಲ. ಮುಗೀತು.

ಬನದಬಾಗಿಲು (ಕಾರ್ಕಳ)

ಕಲ್ಪನೆ ಚೆನ್ನಾಗಿದೆ. ಆದರೆ ಮೊದಲೇ ಒಂದು ಗೆರೆ ಎಳೆದುಕೊಳ್ಳಿ ಹೊಳೆಬದಿಯವರೇ. ನೀವು ಹೇಳಿದ ಜಾಗದಲ್ಲೆಲ್ಲ ಈಗಾಗಲೇ ಯಾರೋ ಇದ್ದಾರೆ. ನಾಗಬನ ಉಂಟು, ಪಂಜುರ್ಲಿ, ಗುಳಿಗ ಅಂತ ದೈವಗಳು ಉಂಟು. ಜನ ಇವತ್ತಿಗೂ ನಂಬಿ ನಡೆಯುವ ವಿಷಯ. ಆಟದಲ್ಲಿ ಒರತಿಗರಿಗೆ ದೈವದ ವೇಷದ ಹಾಗೆ ಅಣಿ ಕಟ್ಟಿಸಿ, ತೆಂಗಿನ ಸಿರಿ ಉಡಿಸಿ, ಪಾಡ್ದನ ಹಾಡಿಸಿದರೆ ನಾನಂತೂ ಓದುವುದಿಲ್ಲ. ಯಾರದ್ದೋ ಮನೆ ದೈವದ ಮೇಲೆ ದಾಳ ಹಾಕಿದ ಹಾಗಾಗುತ್ತದೆ.

ಸುಮ್ನೆ ತಡೆಯುವುದಲ್ಲ, ಕಥೆಗೂ ಅದೇ ಒಳ್ಳೆಯದು. ದೈವಕ್ಕೂ ಊರಿಗೂ ನಡುವೆ ಮಾತು ಉಂಟು. ಊರು ನೇಮ (ದೈವದ ಉತ್ಸವ) ಕೊಡುತ್ತದೆ, ದೈವ ಅಭಯ ಕೊಡುತ್ತದೆ. ತಕರಾರು ಇದ್ದವರು ಎದುರು ನಿಂತು ಹೇಳಿಕೊಳ್ಳುತ್ತಾರೆ, ನ್ಯಾಯ ಕೇಳುತ್ತಾರೆ. ನಿಮ್ಮ ಒರತಿಗರಿಗೆ ಇದು ಯಾವುದೂ ಇರಬಾರದು. ಹರಕೆ ಹೇಳಿದರೆ ಅವರಿಗೆ ಅರ್ಥವೇ ಆಗಬಾರದು. ಕಾಯುವವರೂ ಅಲ್ಲ, ಕಾಡುವವರೂ ಅಲ್ಲ. ಆಗ ಮಾತ್ರ ಅವರು ಬೇರೆ ಕುಲ.

ಇನ್ನೊಂದು ಅನುಕೂಲ ಹೇಳುತ್ತೇನೆ. ಪತ್ತನಾಜೆಗೆ ಕೋಲ ನೇಮಗಳು ನಿಲ್ಲುತ್ತವೆ, ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಮೇ ಕೊನೆಗೆ ಬರುತ್ತದೆ. ಆಮೇಲೆ ದೀಪಾವಳಿ ಕಳೆಯುವವರೆಗೆ ಊರು ತಣ್ಣಗೆ. ಒರತಿಗರ ಕಾಲ ಸರಿಯಾಗಿ ಆ ನಡುವೆ ಇಡಿ. ಯಾರಿಗೂ ಯಾರೂ ಅಡ್ಡ ಬರುವುದಿಲ್ಲ.

ಹೊಳೆಬದಿ

ಪತ್ತನಾಜೆ ಮಾತು ಹಾಗೇ ತಗೊಂಡೆ. ಬನ, ದೈವ, ನಾಗ ಯಾವುದೂ ಆಟದ ನಕ್ಷೆಯಲ್ಲಿ ಇರುವುದಿಲ್ಲ. ಆಟಗಾರ ಬನದ ಹತ್ತಿರ ಬಂದರೆ ಕಥೆ ನಡೆಸುವವನು ಹೇಳುವುದು ಒಂದೇ ಮಾತು: ಚಪ್ಪಲಿ ಬಿಟ್ಟು ಕೈ ಮುಗಿದು ಮುಂದೆ ಹೋಗಿ.

ಆದರೆ ಬಾಗಿಲು ಒಂದು ಬೇಕಲ್ಲ. ಮನುಷ್ಯರ ಕಡೆಯಿಂದ ಒರತಿಗರ ಕಡೆಗೆ ಹೋಗುವುದು ಎಲ್ಲಿಂದ? ಗುಹೆ ಬೇಡ, ಎಲ್ಲ ಕಥೆಯಲ್ಲೂ ಗುಹೆಯೇ.

ಕಬ್ಬಿಣ ಬೇಡ ಮಾರಾಯ್ರೆ. ಒರತಿಗರ ಮೈಯೇ ಮುರಕಲ್ಲು. ಮುರಕಲ್ಲು ಕೆಂಪಾಗುವುದೇ ಅದರಲ್ಲಿರುವ ಕಬ್ಬಿಣದಿಂದ.

ಮಳೆಗಾಲದ ಮೇಷ್ಟ್ರು (ವಿಟ್ಲ)

ಬಾಗಿಲು ನಮ್ಮ ಕಡೆ ಸಿಗುತ್ತದೆ ಬನ್ನಿ. ಸುರಂಗ.

ನೋಡದವರಿಗೆ ಹೇಳುತ್ತೇನೆ. ವಿಟ್ಲ, ಅಡ್ಯನಡ್ಕ, ಆಚೆ ಕಾಸರಗೋಡು ಕಡೆ ಗುಡ್ಡೆಗೆ ಅಡ್ಡ ಕೊರೆದು ನೀರು ತರುತ್ತಾರೆ. ಬಾವಿ ಕೆಳಕ್ಕೆ ಹೋಗುತ್ತದೆ, ಸುರಂಗ ಒಳಕ್ಕೆ ಹೋಗುತ್ತದೆ. ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಅಗಲ. ಒಳಗೆ ಹೋದರೆ ಹತ್ತು ಹೆಜ್ಜೆಗೇ ತಂಪು. ಗೋಡೆಯಿಂದ ನೀರು ತೊಟ್ಟಿಕ್ಕುತ್ತಾ ಇರುತ್ತದೆ, ಬಾವಲಿಗಳು ಮುಖದ ಹತ್ತಿರವೇ ಹಾರುತ್ತವೆ. ಕಾಲ ಕೆಳಗೆ ಬೆರಳು ದಪ್ಪದ ನೀರು ಹೊರಗೆ ಹರಿಯುತ್ತದೆ. ಅದನ್ನು ಅಡಿಕೆ ಮರದ ದಂಬೆಯಲ್ಲಿ ಹಿಡಿದು ತೊಟ್ಟಿಗೆ ಬಿಡುವುದು. ಪಂಪು ಬೇಡ, ಕರೆಂಟು ಬೇಡ. ಕೊರೆಯುವವನು ದೀಪ ಇಟ್ಟುಕೊಂಡು ಹೋಗುತ್ತಾನೆ. ದೀಪ ಮಂಕಾಯಿತು ಅಂದರೆ ಗಾಳಿ ಸಾಲದು, ವಾಪಸ್ ಬರಬೇಕು. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಕೊರೆದವರು. ಕೊರೆದ ಸುರಂಗದಲ್ಲಿ ನೀರು ಸಿಗದಿದ್ದರೂ ಬಿಡದೆ ಇನ್ನೊಂದು ಕೊರೆದು ಬೋಳುಗುಡ್ಡೆಯಲ್ಲಿ ತೋಟ ಮಾಡಿದರು. 2022ರಲ್ಲಿ ಪದ್ಮಶ್ರೀ ಬಂತು.

ಗುಡ್ಡೆಯೊಳಗೆ ನಿಜಕ್ಕೂ ಏನು ನಡೆಯುತ್ತದೆ ಅಂತ ಗೊತ್ತಿದ್ದರೆ ನಿಮ್ಮ ಕುಲಕ್ಕೆ ಊರಿನ ನಕ್ಷೆಯೇ ಸಿಕ್ಕಿದಂತೆ. ಮೇಲೆ ಮುರಕಲ್ಲು, ಅದು ನೀರು ಹೀರುತ್ತದೆ. ಅದರ ಕೆಳಗೆ ಶೇಡಿ ಮಣ್ಣು, ಬಿಳಿ, ಹಳದಿ, ನೇರಳೆ ಬಣ್ಣದ್ದು. ಅದು ನೀರನ್ನು ಸುಲಭಕ್ಕೆ ಕೆಳಗೆ ಬಿಡುವುದಿಲ್ಲ. ನೀರು ಶೇಡಿಯ ಮೇಲೆ ಜಾರಿ ಜಾರಿ ಗುಡ್ಡೆಯ ಬದಿಗೆ ಬಂದು ಒರತೆಯಾಗಿ ಒಡೆಯುತ್ತದೆ. ಹಾಗಾಗಿ ಮುರಕಲ್ಲು ಒರತಿಗರ ಮನೆ, ಶೇಡಿ ಅವರ ರಸ್ತೆ.

ದೌರ್ಬಲ್ಯವೂ ಅಲ್ಲೇ ಉಂಟು. ಮುರಕಲ್ಲು ನೆಲದೊಳಗೆ ಇರುವಾಗ ಮೆತ್ತಗೆ. ಕಡಿದು ಹೊರಗೆ ಇಟ್ಟರೆ ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ. ಅದಕ್ಕೇ ಅದು ಮನೆ ಕಟ್ಟಲಿಕ್ಕೆ ಆಗುವುದು. ಒರತಿಗ ಹೊರಗೆ ಬಂದು ಮೂರು ದಿನ ಒಣ ಬಿಸಿಲಲ್ಲಿ ಸಿಕ್ಕಿಬಿದ್ದರೆ ಅಲ್ಲೇ ಕಲ್ಲು.

ದಾಳದಭಟ್ಟ

ಮೇಷ್ಟ್ರೇ, ಇದು ಬೇಕಿತ್ತು. ಬಿಸಿಲಿನ ಒಂದು ದಿನಕ್ಕೆ ಒಂದು ದಾಳ. ಮೂರು ಸಲ ಸೋತರೆ ಕಲ್ಲು. ನಡುವೆ ಮಳೆ ಬಂದರೆ ಲೆಕ್ಕ ಮತ್ತೆ ಮೊದಲಿನಿಂದ.

ನಮ್ಮ ಕಾಂಪೌಂಡು ಗೋಡೆಯಲ್ಲಿ ಎಷ್ಟು ಜನ ಇದ್ದಾರೋ ದೇವರೇ ಬಲ್ಲ.

ಗೆರೆಗೀಟು (ಮಂಗಳೂರು)

ಚಿತ್ರ ಬರೆಯಲಿಕ್ಕೆ ಶುರು ಮಾಡಿದ್ದೇನೆ, ಹಾಗಾಗಿ ಬಟ್ಟೆ ವಿಷಯ ಬೇಗ ತೀರ್ಮಾನ ಆಗಲಿ. ಸಿರಿ, ಕೇಪಳ ಹೂ, ಅಡಿಕೆ ಹಾಳೆಯ ಮುಖವಾಡ ಬೇಡ, ಬನದಬಾಗಿಲು ಹೇಳಿದ್ದು ಸರಿ. ಎಲೆ ಬಟ್ಟೆಯೂ ಬೇಡ, ಅದು ಸಿನಿಮಾದ ಕಾಡುಜನರ ವೇಷ. ನನ್ನ ಪ್ರಕಾರ ಬಟ್ಟೆಯೇ ಬೇಡ. ಮಳೆಗಾಲದಲ್ಲಿ ಮೈ ಮೇಲೆ ಹಾವಸೆ ಬೆಳೆಯುತ್ತದೆ, ಆಮೇಲೆ ಜರಿಗಿಡ, ವಯಸ್ಸಾದವರ ಹೆಗಲ ಮೇಲೆ ಸೀತಾಳೆ ದಂಡೆ. ಹೂ ಬಿಟ್ಟಿದ್ದರೆ ಮರ್ಯಾದೆಯವರು ಅಂತ ಅರ್ಥ. ಬೇಸಿಗೆಯಲ್ಲಿ ಎಲ್ಲ ಒಣಗಿ ಉದುರಿ ಬರೀ ಕೆಂಪು ಮೈ. ಒಂದೇ ಪಾತ್ರಕ್ಕೆ ಎರಡು ಚಿತ್ರ ಬರೆಯಬೇಕಾಗುತ್ತದೆ, ಇರಲಿ.

ಇನ್ನೊಂದು ಯೋಚನೆ ನಿನ್ನೆಯಿಂದ ತಲೆ ತಿನ್ನುತ್ತಿದೆ. ಕುಲ ಬರೀ ಕಾಡಲ್ಲೇ ಯಾಕೆ? 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ನೇತ್ರಾವತಿ, ಗುರುಪುರ ಹೊಳೆ ಬದಿಯ ಆವೆಮಣ್ಣು ಅಗೆದು ಅಚ್ಚು ಹಾಕಿ ಸುಟ್ಟು ದೇಶ ವಿದೇಶಕ್ಕೆ ಕಳಿಸಿದರು. ಆ ಮಣ್ಣಿನ ಜೊತೆ ಸಿಕ್ಕಿಬಿದ್ದ ಒರತಿಗರು ಏನಾದರು? ಸುಟ್ಟವರು. ನೀರು ಒಳಗೆ ಹೋಗದವರು. ಮಾಡಿನ ಮೇಲೆ ಕೂತಿರುತ್ತಾರೆ, ಮಳೆ ಮೈ ಮೇಲೆ ಸುರಿಯುತ್ತದೆ, ಒಂದು ಹನಿ ಕುಡಿಯಲಿಕ್ಕೆ ಆಗುವುದಿಲ್ಲ. ಸಾವೂ ಇಲ್ಲ. ಕಾಡಿನವರು ಇವರನ್ನು ಕಂಡರೆ ಮುಖ ತಿರುಗಿಸುತ್ತಾರೆ.

ಕುಡ್ಲದವ_ಈಗ_ಬೆಂಗ್ಳೂರು

ಗೆರೆಗೀಟು, ನಮ್ಮ ಅಜ್ಜಿ ಮನೆಯ ಹಂಚು ತೆಗೆದು ಟೆರೇಸ್ ಹಾಕಿಸಿದ್ದಾರೆ. ಈಗ ನಿದ್ದೆ ಬರಲ್ಲ ನನಗೆ.

ಕಾಂಡ್ಲ (ಕುಂದಾಪುರ)

ಗುಡ್ಡೆಯವರೆಲ್ಲ ಮಾತಾಡಿ ಆಯ್ತಾ? ಕಡಲ ಬದಿಯವಳು ಒಂದು ಹೇಳ್ತೇನೆ. ನಿಮಗೆ ಬೇಕಾದ ದೊಡ್ಡ ದೌರ್ಬಲ್ಯ ಉಪ್ಪು.

ಉಂಬಳಕ್ಕೆ ಉಪ್ಪು ಹಾಕುವುದು ಎಲ್ಲರಿಗೂ ಗೊತ್ತು, ಅದಲ್ಲ ನಾನು ಹೇಳುವುದು. ನಮ್ಮ ಹೊಳೆಗಳು ಉದ್ದ ಕಡಿಮೆ. ಘಟ್ಟದಿಂದ ಇಳಿದು ಐವತ್ತು ಅರವತ್ತು ಕಿಲೋಮೀಟರಿಗೆಲ್ಲ ಕಡಲು. ಮಳೆಗಾಲದಲ್ಲಿ ಕೆಂಪು ನೀರು ಅಳಿವೆ ಬಾಗಿಲವರೆಗೂ ಸಿಹಿ ಸಿಹಿಯಾಗಿ ನುಗ್ಗುತ್ತದೆ. ಮಳೆ ನಿಂತ ಮೇಲೆ ಹೊಳೆ ಸೋಲುತ್ತದೆ, ಭರತಕ್ಕೆ ಉಪ್ಪು ನೀರು ಮೇಲೆ ಏರುತ್ತಾ ಬರುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ಎಷ್ಟೋ ಒಳಗಿನ ಗದ್ದೆ ಬದಿಯ ಬಾವಿಯೂ ಉಪ್ಪಾಗುತ್ತದೆ. ಅದನ್ನು ತಡೆಯಲಿಕ್ಕೇ ಕಿಂಡಿ ಅಣೆಕಟ್ಟು. ಮಳೆ ಮುಗಿದ ಮೇಲೆ ಹಲಗೆ ಹಾಕುವುದು, ಮಳೆ ಶುರುವಾಗುವ ಮೊದಲು ತೆಗೆಯುವುದು. ಹಲಗೆ ಹಾಕಲು ತಡವಾದರೆ ಆ ವರ್ಷ ಕೊಳಕೆ (ಬೇಸಿಗೆಯ ಭತ್ತ) ಬೆಳೆ ಆಸೆ ಬಿಟ್ಟುಬಿಡಿ.

ಈಗ ಒರತಿಗರಿಗೆ ಹಚ್ಚಿ ನೋಡಿ. ಆಟಿಯಲ್ಲಿ ಅವರು ಸೀತಾನದಿ ಹಿಡಿದು ಕೋಡಿಬೆಂಗ್ರೆವರೆಗೂ ಬರಬಹುದು, ಸೀತಾ ಸ್ವರ್ಣಾ ಎರಡೂ ಕಡಲು ಸೇರುವ ಜಾಗ. ಏಪ್ರಿಲ್‌ನಲ್ಲಿ ಘಟ್ಟದ ಬುಡ ಬಿಟ್ಟು ಇಳಿಯುವ ಹಾಗಿಲ್ಲ. ಅಂದರೆ ಅವರ ರಾಜ್ಯದ ಗಡಿ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ. ನಕ್ಷೆ ಬರೆಯುವವರಿಗೆ ತಲೆನೋವು, ಆಡುವವರಿಗೆ ಮಜಾ.

ಮತ್ತೆ ನನ್ನ ಹೆಸರಿನವರನ್ನು ಮರೆಯಬೇಡಿ. ಕುಂದಾಪುರದ ಪಂಚಗಂಗಾವಳಿಯಲ್ಲಿ ಕಾಂಡ್ಲ ವನ ಉಂಟು. ಉಪ್ಪು ನೀರಲ್ಲೇ ನಿಂತು ಬದುಕುವ ಮರ. ಕೆಲವು ಜಾತಿ ಕುಡಿದ ಉಪ್ಪನ್ನು ಎಲೆಯಿಂದ ಹೊರಗೆ ಹಾಕುತ್ತದೆ, ನಾಲಗೆ ತಾಗಿಸಿದರೆ ಗೊತ್ತಾಗುತ್ತದೆ. ಇನ್ನು ಕೆಲವಕ್ಕೆ ಬೀಜ ಮರದಲ್ಲೇ ಮೊಳಕೆ ಒಡೆದು, ಕೋಲಿನಷ್ಟು ಉದ್ದ ಬೆಳೆದು, ಆಮೇಲೆ ಕೆಸರಿಗೆ ಬೀಳುವುದು. ಅಲ್ಲಿಗೆ ಬಂದು ವಾಪಸ್ ಹೋಗಲಿಕ್ಕೆ ಆಗದೆ ಉಳಿದ ಒರತಿಗರು ಉಪ್ಪು ಕಲಿತಿರಬೇಕು. ಗುಡ್ಡೆಯವರಿಗೂ ಕಡಲಿಗೂ ನಡುವೆ ವ್ಯಾಪಾರ ಮಾಡುವವರು ಅವರೇ. ಗುಡ್ಡೆಯವರು ಅವರನ್ನು ನಂಬುವುದಿಲ್ಲ, ಆದರೆ ಅವರಿಲ್ಲದೆ ಕೆಲಸವೂ ನಡೆಯುವುದಿಲ್ಲ.

ದಾಳದಭಟ್ಟ

ನನಗೆ ಕಾಂಡ್ಲದ ವ್ಯಾಪಾರಿ ಪಾತ್ರ ಬೇಕು. ಈಗಲೇ ಹೇಳಿಟ್ಟೆ, ಆಮೇಲೆ ಯಾರೂ ಕೇಳಬಾರದು.

ಒಂದು ಸಂಶಯ. ಆಟಗಾರ ಸುಮ್ನೆ ಜೇಬಲ್ಲಿ ಕಲ್ಲುಪ್ಪು ತುಂಬಿಕೊಂಡು ಹೋದರೆ?

ಕಾಂಡ್ಲ

ಹಿಡಿ ಉಪ್ಪಿಗೆ ಹೊಳೆ ಉಪ್ಪಾಗುತ್ತದಾ ಭಟ್ರೆ? ಜೋರು ಮಳೆಗೆ ಜೇಬಿನ ಉಪ್ಪು ಜೇಬಲ್ಲೇ ಕರಗಿ ತೊಡೆ ಉರಿಯುತ್ತದೆ ಅಷ್ಟೆ. ಅದಕ್ಕೂ ಒಂದು ದಾಳ ಇಟ್ಟುಕೊಳ್ಳಿ.

ಕುಡ್ಲದವ_ಈಗ_ಬೆಂಗ್ಳೂರು

ನನ್ನ ಕಬ್ಬಿಣವನ್ನು ಎಲ್ಲರೂ ಸೇರಿ ಗುಜರಿಗೆ ಹಾಕಿದಿರಿ. ಬಾಣಂತಿ ದಿಂಬಿನ ಕೆಳಗೆ ಕತ್ತಿ ಇಡುವುದಿಲ್ವಾ ನಮ್ಮಲ್ಲಿ? ಅದು ಹೊರಗಿನಿಂದ ಬಂದದ್ದಲ್ಲ.

ಬನದಬಾಗಿಲು

ಕುಡ್ಲದವರ ಮಾತು ಪೂರಾ ಬಿಡುವ ಹಾಗಿಲ್ಲ. ಆಟಿ ಅಮಾವಾಸ್ಯೆಯ ಹಾಲೆಮರ ನೆನಪು ಮಾಡಿಕೊಳ್ಳಿ, ಪಾಲೆ ಅಂತಲೂ ಹೇಳುತ್ತೇವೆ. ಬೆಳಗ್ಗೆ ಸೂರ್ಯ ಹುಟ್ಟುವ ಮೊದಲು ಹೋಗಿ ತೊಗಟೆ ತರಬೇಕು. ಕತ್ತಿ ತಾಗಿಸುವುದಿಲ್ಲ, ಕಲ್ಲಿನಿಂದ ಜಜ್ಜಿ ಎಬ್ಬಿಸುವುದು. ಕರಿಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ ಅರೆದು ಸೋಸಿ, ಬೆಣಚುಕಲ್ಲು ಕೆಂಡದಲ್ಲಿ ಕಾಯಿಸಿ ಅದರೊಳಗೆ ಹಾಕಿದರೆ ಚೊಂಯ್ ಅನ್ನುತ್ತದೆ. ಅದೇ ಒಗ್ಗರಣೆ. ಕುಡಿದ ಮೇಲೆ ಅರ್ಧ ದಿನ ನಾಲಗೆ ಕಹಿ. ಆಮೇಲೆ ಮೆಂತೆ ಗಂಜಿ.

ಇಲ್ಲಿ ಕಬ್ಬಿಣ ಹೆದರಿಸುವ ವಸ್ತು ಅಲ್ಲ, ಔಷಧದ ಗುಣ ಕೆಡಿಸುವ ವಸ್ತು. ಕಥೆಗೆ ಇದೇ ಒಳ್ಳೆಯದು. ಒರತಿಗರು ಕಬ್ಬಿಣ ಕಂಡರೆ ಓಡುವುದಿಲ್ಲ. ಆದರೆ ಅವರು ಕೊಟ್ಟ ಯಾವ ವಸ್ತುವಿಗೂ ಕಬ್ಬಿಣ ತಾಗಿದರೆ ಅದು ಬರೀ ಸೊಪ್ಪು, ಬರೀ ನೀರು.

ಇದರಲ್ಲಿ ಅಪಾಯವೂ ನಿಜವಾದದ್ದು ಉಂಟು. ಕತ್ತಲಲ್ಲಿ ಹಾಲೆ ಅಂತ ತಿಳಿದು ಕಾಸರಕದ ತೊಗಟೆ ತಂದರೆ ಜೀವಕ್ಕೇ ಸಂಚಕಾರ. ಹಾಲೆಗೆ ಎಲೆಗಳು ಸುತ್ತ ಚಕ್ರದಂತೆ, ಏಳೆಲೆ ಹಾಲೆ ಅಂತಲೇ ಹೆಸರು. ಕಾಸರಕಕ್ಕೆ ಎದುರು ಬದುರು ಎರಡೆರಡು. ಹಗಲಲ್ಲಿ ಮಗು ಕೂಡ ಹೇಳುತ್ತದೆ. ಕತ್ತಲಲ್ಲಿ ಕೈಗೆ ಸಿಗುವುದು ತೊಗಟೆ ಮಾತ್ರ. ಅದಕ್ಕೇ ಗೊತ್ತಿದ್ದವರು ಹಿಂದಿನ ದಿನವೇ ಮರ ನೋಡಿ ಗುರುತು ಮಾಡಿ ಬರುವುದು. ದಾಳದಭಟ್ಟರೇ, ಇದಕ್ಕೆ ನಿಮ್ಮ ಇಪ್ಪತ್ತು ಮುಖದ ದಾಳ ಹಾಕಿ. ಹಿಂದಿನ ದಿನ ಗುರುತು ಮಾಡಿದವನಿಗೆ ದಾಳವೇ ಬೇಡ.

(ಆಟ ಓದಿ ಯಾರೂ ಗೊತ್ತಿಲ್ಲದ ಮರದ ತೊಗಟೆ ಕುಡಿಯಲಿಕ್ಕೆ ಹೋಗಬೇಡಿ ದಮ್ಮಯ್ಯ.)

ಕೋರ್ಟುಹಕ್ಕಿ (ಉಡುಪಿ)

ಎಲ್ಲರೂ ಮರೆತ ಪ್ರಶ್ನೆ: ಜಾಗ ಯಾರ ಹೆಸರಲ್ಲಿ ಉಂಟು? ಗುಡ್ಡೆಯ ಬುಡ ಯಾರದ್ದೋ ವರ್ಗ ಜಾಗ, ಅಂದರೆ ಸ್ವಂತ ಪಟ್ಟಾ ಜಾಗ. ಅದರ ಮೇಲಿನದ್ದು ಕುಮ್ಕಿ. ಅದರಾಚೆ ಮೀಸಲು ಅರಣ್ಯ. ಕುಮ್ಕಿಯಲ್ಲಿ ಸೊಪ್ಪು ಸೌದೆ ತರುವ ಅನುಕೂಲ ಮಾತ್ರ, ಮಾಲೀಕತ್ವ ಸರ್ಕಾರದ್ದು. ಒರತಿಗರು ಹುಟ್ಟುವುದು ಅರಣ್ಯದಲ್ಲಿ, ಹೊರಗೆ ಬರುವುದು ಕುಮ್ಕಿಯಲ್ಲಿ, ನೀರು ಕೊಡುವುದು ವರ್ಗ ಜಾಗಕ್ಕೆ. ಮೂರು ಕಡೆಯೂ ಪಹಣಿಯಲ್ಲಿ ಹೆಸರಿಲ್ಲ. ಒಬ್ಬ ಶ್ಯಾನುಭೋಗನ ಪಾತ್ರ ಇಡಿ. ಒರತಿಗರು ಅವನಿಗೆ ಕಾಣುವುದೇ ಇಲ್ಲ, ದಾಖಲೆ ಇಲ್ಲವಲ್ಲ.

ತಮಾಷೆ ಅಲ್ಲ, ನಾನೇ ಆಡುತ್ತೇನೆ ಬೇಕಾದರೆ.

ಹೊಳೆಬದಿ

ಶ್ಯಾನುಭೋಗರು ಬಂದಾಯ್ತು! ಸ್ವಾಗತ.

ಆಯಸ್ಸಿನ ವಿಷಯ ಬರೆಯುತ್ತೇನೆ. ಸಾವಿರ ವರ್ಷ ಬದುಕುವವರು ನನಗೆ ಬೇಡ. ಎಲ್ಲ ಗೊತ್ತಿರುವ ಮುದುಕರು ಕಥೆಯಲ್ಲಿ ಬಂದು ಉಪದೇಶ ಮಾಡಿ ಹೋಗುತ್ತಾರೆ, ಅಷ್ಟೆ. ಬಿದಿರಿನಿಂದ ತಗೊಂಡಿದ್ದೇನೆ. ನಮ್ಮ ಹೆಬ್ಬಿದಿರು ನಲವತ್ತು ಐವತ್ತು ವರ್ಷಕ್ಕೊಮ್ಮೆ ಹೂ ಬಿಡುತ್ತದೆ. ಮೆಳೆಗೆ ಮೆಳೆಯೇ ಒಟ್ಟಿಗೆ ಹೂ ಬಿಟ್ಟು, ಬೀಜ ಉದುರಿಸಿ, ಒಟ್ಟಿಗೆ ಸಾಯುತ್ತದೆ. ಆ ಬೀಜವೇ ಬಿದಿರಕ್ಕಿ. ಜನ ಗುಡಿಸಿ ತಂದು ಗಂಜಿ ಮಾಡುತ್ತಾರೆ. ಬೀಜ ತಿಂದು ಇಲಿ ಜಾಸ್ತಿಯಾಗಿ ಗದ್ದೆಗೆ ನುಗ್ಗುವುದರಿಂದ, ಬಿದಿರು ಹೂ ಬಿಟ್ಟರೆ ಬರ ಅಂತ ಮಾತು.

ಒರತಿಗರೂ ಹಾಗೇ. ಒಂದು ಗುಡ್ಡೆಯವರೆಲ್ಲ ಒಂದೇ ವಯಸ್ಸು. ಒಟ್ಟಿಗೆ ಹುಟ್ಟಿ ಒಟ್ಟಿಗೆ ಹೋಗುತ್ತಾರೆ. ಅವರಲ್ಲಿ ಅಜ್ಜ ಅಜ್ಜಿ ಅನ್ನುವವರೇ ಇಲ್ಲ. ಹಳೆಯ ವಿಷಯ ಕೇಳಬೇಕಾದರೆ ಬೇರೆ ಗುಡ್ಡೆಗೆ ಹೋಗಬೇಕು, ಅಲ್ಲಿಯವರ ತಲೆಮಾರು ಬೇರೆ. ಅಥವಾ ಮನುಷ್ಯರ ಹತ್ತಿರ ಬರಬೇಕು. ಎಂಬತ್ತು ದಾಟಿದ ನಮ್ಮೂರಿನ ಅಜ್ಜಿಯೊಬ್ಬರು ಅವರ ಎರಡು ತಲೆಮಾರು ನೋಡಿರುತ್ತಾರೆ. ಕಾಡಿನ ಮಾಯದವರು ಅಡಿಗೆಮನೆ ಹಿಂದೆ ನಿಂತು ಅಜ್ಜಿಯ ಹತ್ತಿರ ತಮ್ಮದೇ ಚರಿತ್ರೆ ಕೇಳುವುದು ನನಗೆ ಇಷ್ಟವಾಯಿತು.

ಮಾತು: ಬೇಸಿಗೆಯಲ್ಲಿ ಟೊಳ್ಳು ಮೈಯಿಂದ ಸಿಳ್ಳೆ ಬರುತ್ತದೆ. ತೊರೆ ಬದಿಯಲ್ಲಿ ಬೆಳಗಿನ ಜಾವ ಸಿಳ್ಳಾರ ಹಕ್ಕಿ ಹಾಡುವುದು ಕೇಳಿದ್ದೀರಲ್ಲ, ಯಾರೋ ಹುಡುಗ ರಾಗ ಮರೆತು ಸುಮ್ನೆ ಸಿಳ್ಳೆ ಹಾಕಿದಂತೆ. ಅದು ಹಕ್ಕಿಯಾ ಒರತಿಗನಾ ಅಂತ ಆಟಗಾರ ಹೇಳಬೇಕು. ಹೇಳಲಿಕ್ಕೆ ಒಂದು ಉಪಾಯ ಉಂಟು: ಹಕ್ಕಿ ಜೋರು ಹಾಡುವುದು ಮಳೆಗಾಲದಲ್ಲಿ. ಒರತಿಗರು ಸಿಳ್ಳೆ ಹಾಕುವುದು ನೀರು ಬತ್ತಿದಾಗ.

ಗೆರೆಗೀಟು

ಅಡಿಗೆಮನೆ ಹಿಂದಿನ ದೃಶ್ಯ ನಾನು ಬರೆಯುತ್ತೇನೆ. ಅಜ್ಜಿ ಪತ್ರೊಡೆಗೆ ಕೆಸುವಿನ ಎಲೆ ನಾರು ತೆಗೆಯುತ್ತಾ ಇರಲಿ. ಮಾತಾಡುವಾಗ ತಲೆ ಎತ್ತಬಾರದು.

ಕಾಂಡ್ಲ

ಎಲ್ಲ ಸರಿ. ಒಂದು ಮಾತ್ರ ಯಾರೂ ಹೇಳಲಿಲ್ಲ. ಇವರಿಗೆ ಬೇಕಾದದ್ದು ಎಂತ? ಬನದಬಾಗಿಲು ಹೇಳಿದಂತೆ ಹರಕೆ ಬೇಡ, ನೇಮ ಬೇಡ. ನಮ್ಮನ್ನು ಕಾಯುವುದೂ ಬೇಡ. ಹಾಗಾದರೆ ಕಥೆ ಮುಂದೆ ಹೋಗುವುದು ಹೇಗೆ?

ಮಳೆಗಾಲದ ಮೇಷ್ಟ್ರು

ಕಾಂಡ್ಲ ಅಕ್ಕನ ಪ್ರಶ್ನೆಗೆ ನನ್ನ ಉತ್ತರ ಕಟ್ಟ.

ಮಳೆ ನಿಂತ ಮೇಲೆ, ತೋಡಿನಲ್ಲಿ ನೀರು ಇಳಿಯುವ ಹೊತ್ತಿಗೆ, ನಮ್ಮಲ್ಲಿ ತೋಡಿಗೆ ಅಡ್ಡ ಕಲ್ಲು ಮಣ್ಣು ಸೊಪ್ಪು ಹಾಕಿ ಕಟ್ಟ ಕಟ್ಟುತ್ತೇವೆ. ಅಕ್ಕಪಕ್ಕದ ತೋಟದವರೆಲ್ಲ ಸೇರಬೇಕು. ಮೊದಲ ಮಳೆಗೆ ಕೊಚ್ಚಿ ಹೋಗುತ್ತದೆ, ಮುಂದಿನ ವರ್ಷ ಮತ್ತೆ ಕಟ್ಟುವುದು. ಕಟ್ಟದಲ್ಲಿ ನಿಂತ ನೀರು ಬದಿಯ ನೆಲಕ್ಕೆ ಇಳಿಯುತ್ತದೆ, ಕೆಳಗಿನ ಬಾವಿಗಳು ಏಪ್ರಿಲ್‌ವರೆಗೆ ತಡೆಯುತ್ತವೆ.

ಒರತಿಗರ ದೃಷ್ಟಿಯಿಂದ ನೋಡಿ. ಕಡಲ ಕಡೆಗೆ ಹೊರಟವನಿಗೆ ಕಟ್ಟ ಅಂದರೆ ಅಡ್ಡಗೋಡೆ. ಇನ್ನೂ ಸ್ವಲ್ಪ ದಿನ ನೆಲದಲ್ಲೇ ಉಳಿಯಬೇಕು ಅನ್ನುವವನಿಗೆ ಅದೇ ಆಯಸ್ಸು. ಒಂದೇ ಗುಡ್ಡೆಯಲ್ಲಿ ಎರಡು ಬಣ. ಹೊರಡುವವರು, ಉಳಿಯುವವರು. ರಾತ್ರಿ ಬಂದು ಕಟ್ಟ ತೂತು ಮಾಡುವವರು ಇವರೇ, ಆ ತೂತು ಮುಚ್ಚಿ ಹೋಗುವವರೂ ಇವರೇ. ಬೆಳಗ್ಗೆ ಎದ್ದು ತೋಟದವನು ಏಡಿಗೆ ಬೈಯುತ್ತಾನೆ. ಮನುಷ್ಯರ ಮೇಲೆ ಅವರಿಗೆ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ. ಅವರವರ ಜಗಳದ ನಡುವೆ ನಮ್ಮ ತೋಟ ಉಂಟು ಅಷ್ಟೆ.

ಬನದಬಾಗಿಲು

ಮೇಷ್ಟ್ರೇ ಇದು ಗೆದ್ದಿತು. ಇನ್ನು ಇವರು ಯಾವ ದೈವದ ನೆರಳೂ ಅಲ್ಲ.

ದಾಳದಭಟ್ಟ

ಸಿಟ್ಟು ಬಂದರೆ ಏನು ಮಾಡುತ್ತಾರೆ? ಬರೀ ಕಟ್ಟ ಒಡೆಯುವುದಾ? ಹೊಡೆದಾಟ ಸ್ವಲ್ಪವಾದರೂ ಬೇಕು ಮಾರಾಯ.

ಮಳೆಗಾಲದ ಮೇಷ್ಟ್ರು

ಗುಡ್ಡ ಜರಿತ ಸಾಲದಾ? ರಸ್ತೆಗೋ ಮನೆಗೋ ಅಂತ ಗುಡ್ಡೆಯನ್ನು ನೆಟ್ಟಗೆ ಕಡಿದು ಶೇಡಿ ಮಣ್ಣು ಹೊರಗೆ ಬರುವ ಹಾಗೆ ಮಾಡುತ್ತೇವೆ. ಮಳೆಗೆ ಅದು ನೆನೆದು ಮೆತ್ತಗಾದರೆ ಮೇಲಿನ ಮುರಕಲ್ಲು, ಮರ, ಮನೆ ಎಲ್ಲ ಸೇರಿ ಕೆಳಗೆ. ಅದಕ್ಕೆ ಒರತಿಗರು ಸಿಟ್ಟು ಮಾಡಿಕೊಳ್ಳಬೇಕಂತಲೇ ಇಲ್ಲ. ಅವರ ರಸ್ತೆಗೆ ಗೋಡೆ ಇಲ್ಲದಂತೆ ಮಾಡಿದ್ದು ನಾವು. ಅವರು ಯಾವತ್ತಿನ ಹಾಗೆ ನಡೆದರು, ಗುಡ್ಡೆ ಬಂತು.

ಆಟದಲ್ಲಿ ಇದನ್ನು ಶಕ್ತಿ ಅಂತ ಕೊಡಬೇಡಿ. ನಿಜವಾಗಿ ಜನ ಸತ್ತಿದ್ದಾರೆ ಇದರಿಂದ. ಕಥೆ ನಡೆಸುವವನ ಕೈಯಲ್ಲಿ ಇರಲಿ.

ಹೊಳೆಬದಿ

ಒಪ್ಪಿದೆ. ಇಷ್ಟು ಸೇರಿಸಿ ಕುಲದ ಹಾಳೆ ಬರೆದಿದ್ದೇನೆ, ಸಣ್ಣದಾಗಿ ಇಲ್ಲಿ ಹಾಕುತ್ತೇನೆ.

ಒರತಿಗರ ಬಲ ತಿಂಗಳ ಲೆಕ್ಕ. ಆಟಿಯಲ್ಲಿ ಪೂರ್ತಿ, ದೀಪಾವಳಿಗೆ ಅರ್ಧ, ಪತ್ತನಾಜೆ ಹೊತ್ತಿಗೆ ಸೊನ್ನೆ. ಸೊನ್ನೆ ಆದಾಗ ಸುರಂಗದ ಕೊನೆಯಲ್ಲಿ ಮಲಗಿರುತ್ತಾರೆ, ಸಿಳ್ಳೆ ಮಾತ್ರ ಕೇಳುತ್ತದೆ. ಒಣ ಬಿಸಿಲು ಮೂರು ದಿನ, ಕಲ್ಲು. ಉಪ್ಪು ನೀರು ಸೊಂಟದವರೆಗೆ ಬಂದರೆ ಕರಗಿ ಹೋಗುತ್ತಾರೆ, ಕಾಂಡ್ಲದವರಿಗೆ ಇದು ಅನ್ವಯಿಸುವುದಿಲ್ಲ. ಹೊರಡುವ ಬಣ, ಉಳಿಯುವ ಬಣ: ಆಟಗಾರ ಮೊದಲೇ ಆರಿಸಬೇಕು, ನಡುವೆ ಬದಲಾಯಿಸಬಹುದು, ಆದರೆ ಬದಲಾಯಿಸಿದ್ದು ಉಳಿದವರಿಗೆ ಹೇಳಬೇಕಾಗಿಲ್ಲ. ಸುಟ್ಟವರು ಆಟಗಾರರಿಗೆ ಸಿಗುವುದಿಲ್ಲ, ಅವರು ಮಂಗಳೂರಿಗೆ ಹೋದಾಗ ಮಾಡಿನ ಮೇಲೆ ಕಾಣುವವರು.

ಮೊದಲ ಕಥೆ ಸರಳ. ಒಂದು ಸುರಂಗದಲ್ಲಿ ನೀರು ನಿಂತಿದೆ. ಯಾಕೆ ಅಂತ ಹುಡುಕುವುದು. ಮೇಲೆ ಪದವಿನಲ್ಲಿ (ಗುಡ್ಡೆ ಮೇಲಿನ ಬಯಲು) ಯಾರೋ ಕಲ್ಲುಕೋರೆ ತೆಗೆದಿದ್ದಾರಾ, ಕಟ್ಟದ ಜಗಳವಾ, ಅಥವಾ ಗುಡ್ಡೆಯವರ ತಲೆಮಾರೇ ಮುಗಿಯುತ್ತಾ ಬಂತಾ?

ಕೋರ್ಟುಹಕ್ಕಿ

ಕೋರೆಗೆ ಪರವಾನಗಿ ಉಂಟಾ ಅಂತ ನಾನು ಮೊದಲು ಕೇಳುತ್ತೇನೆ. ಶ್ಯಾನುಭೋಗನ ಪಾತ್ರ ನನ್ನದು, ನೆನಪಿರಲಿ.

ದಾಳದಭಟ್ಟ

ಕೊನೆಯ ಪ್ರಶ್ನೆ. ನಾಲ್ಕನೆಯ ಕಾರಣವೂ ಇರಬಹುದಲ್ವಾ. ಪಕ್ಕದ ಜಾಗಕ್ಕೆ ಬೋರ್‌ವೆಲ್ ಲಾರಿ ಬಂದು ಆರುನೂರು ಅಡಿ ಇಳಿಸಿದರೆ ಒರತಿಗನಿಗೆ ಎಷ್ಟು ಬೀಳಬೇಕು ತಪ್ಪಿಸಿಕೊಳ್ಳಲಿಕ್ಕೆ?

ಹೊಳೆಬದಿ

ಹದಿನೆಂಟು.

ಕಾಂಡ್ಲ

ಹದಿನೆಂಟಾ! ಸ್ವಲ್ಪ ಇಳಿಸಿ, ಪಾಪ.

ಮಳೆಗಾಲದ ಮೇಷ್ಟ್ರು

ಇಳಿಸಬೇಡಿ. ನಮ್ಮ ಬೈಲಿನಲ್ಲಿ ಆ ಲಾರಿ ಬಂದು ಹೋದ ಮೇಲೆ ಮೇಲಿನ ಎರಡು ಸುರಂಗದಲ್ಲಿ ಬಾವಲಿ ಮಾತ್ರ ಉಳಿದದ್ದು. ಇಪ್ಪತ್ತು ಇಡಿ.

ದಾಳದಭಟ್ಟ

ಇಪ್ಪತ್ತು ಅಂದರೆ ದಾಳದಲ್ಲಿ ಇರುವುದೇ ಅಷ್ಟು ಮೇಷ್ಟ್ರೇ. ಸರಿ, ನನ್ನ ವ್ಯಾಪಾರಿ ಆ ಕಥೆಯಲ್ಲಿ ಕುಂದಾಪುರ ಬಿಟ್ಟು ಮೇಲೆ ಬರುವುದಿಲ್ಲ.